ತುಕ್ರಣ್ಣನ ಸರದಿ

ಬೌಷರ್, ಮಸ್ಕತ್
10 ಮೇ 2025, ಶನಿವಾರ

ಹಾಲೆಂಡಿನಲ್ಲಿ ವಿಶ್ರಮಿಸುತ್ತಿರುವ ಅಪ್ಪನಿಗೆ,

ನೀವು ತುಕ್ರಣ್ಣನ ರಜೆಯನ್ನು ಕದ್ದಿದ್ದೀರಿ. ಇದನ್ನು ಹೇಳದೆ ಕ್ಷೇಮ ವಿಚಾರಿಸಲು ನನ್ನಿಂದಾಗಲಿಲ್ಲ. ಈಗ ಕೇಳುತ್ತೇನೆ: ಆರೋಗ್ಯವೇ? ಅಮ್ಮನ ಮೊಣಕಾಲು ಹೇಗಿದೆ? ಆ ಹಳ್ಳಿಯಲ್ಲಿ ಹತ್ತಲು ಒಂದು ದಿಬ್ಬವೂ ಇಲ್ಲವಂತೆ, ಅವರಿಗೆ ಹಿತವಾಗಿರಬೇಕು.

ಫೋಟೊಗಳು ಬಂದವು. ಕಾಲುವೆ, ದನ, ಮತ್ತೆ ಕಾಲುವೆ. ಒಡ್ಡು ಕಟ್ಟಿ ಸಮುದ್ರವನ್ನೇ ಹೊರಗಿಟ್ಟ ನೆಲವಿದು, ಎಷ್ಟು ಶಾಂತಿ ಎಂದು ಬರೆದಿದ್ದೀರಿ. ಶಾಂತಿ ಇಲ್ಲದೆ ಏನು? ಬರ್ಕಾದ ತರಕಾರಿ ಕೋಲ್ಡ್ ಸ್ಟೋರನ್ನು ತುಕ್ರಣ್ಣ ಕಾಯುತ್ತಿದ್ದಾರಲ್ಲ. ಮ್ಯಾನೇಜರ್ ಆದ ನೀವು, ಸೂಪರ್‌ವೈಸರ್ ಆದ ಅವರು, ಇಬ್ಬರಲ್ಲಿ ಒಬ್ಬರು ಇಲ್ಲಿರಲೇಬೇಕು. ಈ ಮೇ ತಿಂಗಳ ರಜೆಯ ಸರದಿ ಅವರದು. ಹದಿನೆಂಟಕ್ಕೆ ಉಡುಪಿಯಲ್ಲಿ ಮಗಳು ಹರಿಣಾಕ್ಷಿಯ ಮದುವೆ. ಗೊತ್ತಿದ್ದೂ ಸರದಿ ಬದಲಿಸಿ ಹೊರಟಿರಿ. ಹೊರಡುವಾಗ ನೀವು ಆಡಿದ ಮಾತು ಇನ್ನೂ ನನ್ನ ಕಿವಿಯಲ್ಲಿದೆ: "ತುಕ್ರನಿಗೆಂತ, ಮದುವೆ ವೀಡಿಯೊ ಕಾಲಲ್ಲಿ ನೋಡ್ತಾನೆ."

ಅದು ಅವರ ಕಿವಿಗೂ ಬಿದ್ದಿದೆ. ಬಯ್ಯಲಿಲ್ಲ. ಟೊಮೆಟೊ ಪೆಟ್ಟಿಗೆ ಎತ್ತಿಡುತ್ತ ಇಷ್ಟೇ ಅಂದರು: "ಎಲ್ಲ ಕಾಣ್ತದೆ ಮಗಾ. ಧಾರೆ ಎರೆಯುವ ಕೈ ಮಾತ್ರ ಫೋನಲ್ಲಿ ಹೋಗುದಿಲ್ಲ."

ನಾನು ಓದುವ ಕಿರುಹೊತ್ತಿಗೆಗಳನ್ನು ನೀವು ಕಡಲೆ ಕಟ್ಟುವ ಕಾಗದ ಎನ್ನುತ್ತೀರಿ. ನೀವೀಗ ಕಾಲು ಚಾಚಿ ಕೂತಿರುವ ಸೀಮೆಯ ಸಂಗತಿ ನನಗೆ ಸಿಕ್ಕಿದ್ದು ಅಂಥದ್ದೊಂದರಲ್ಲೇ. ಹಿಂದೆ ಒಡ್ಡಿನ ತನ್ನ ಪಾಲಿನ ಕೆಲಸ ಮಾಡಲಾಗದವನು ಸಲಿಕೆಯನ್ನು ಒಡ್ಡಿಗೆ ಚುಚ್ಚಿ ಊರು ಬಿಡುತ್ತಿದ್ದನಂತೆ. ಆ ಸಲಿಕೆ ಕಿತ್ತವನಿಗೆ ಅವನ ಕೆಲಸ, ಅವನ ಹೊಲ ಎರಡೂ. ಆ ಮನುಷ್ಯನಿಗೆ ಹೊಲ ಬಿಟ್ಟುಹೋಗುವಷ್ಟು ನಾಚಿಕೆಯಾದರೂ ಇತ್ತು. ನೀವು ಕುರ್ಚಿ, ಕಾರು, ಹೆಸರು ಎಲ್ಲ ಇಟ್ಟುಕೊಂಡು ಕೆಲಸವನ್ನಷ್ಟೇ ಇನ್ನೊಬ್ಬರ ಹೆಗಲಿಗೆ ಹಾಕಿ ಹೋದಿರಿ. ಇದಕ್ಕೆ ವಿಶ್ರಾಂತಿ ಎನ್ನುತ್ತೀರಿ.

ಅಮ್ಮನಿಗೆ ನನ್ನ ನಮಸ್ಕಾರ. ನಿಮ್ಮದನ್ನು ಸದ್ಯ ನನ್ನಲ್ಲೇ ಇಟ್ಟುಕೊಂಡಿದ್ದೇನೆ.

ನಿಮ್ಮ ಮಗಳು,
ಸಮೀಕ್ಷಾ

ತಾ.ಕ.: ಫೋಟೊ ಕಳಿಸಿ ಫೋನ್ ಆಫ್ ಮಾಡುತ್ತೀರಿ. ಅದಕ್ಕೇ ಇದನ್ನು ನೀವು ಅಲ್ಲಿ ಉಳಿದಿರುವ ಮನೆಯ ಒಡತಿ ಡೀನಾ ಅವರ ಇಮೇಲಿಗೆ ಕಳಿಸುತ್ತಿದ್ದೇನೆ, ಪ್ರಿಂಟ್ ತೆಗೆದು ಕೊಡುತ್ತಾರೆ. ನಿನ್ನೆ ಕಂಪನಿಯ ಒಡೆಯರೂ ನಿಮ್ಮ ವೀಸಾ ಕೊಡಿಸಿದವರೂ ಆದ ಕಫೀಲರ ಮನೆಗೇ ಹೋಗಿ ಎಲ್ಲ ಹೇಳಿದೆ. ಸಲಿಕೆಯ ಕಥೆಯನ್ನೂ. ಅವರು ನಕ್ಕು ತುಕ್ರಣ್ಣನಿಗೆ ರಜೆ ಕೊಟ್ಟರು. ಗುರುವಾರ ರಾತ್ರಿ ವಿಮಾನ. ತುಕ್ರಣ್ಣ ಹೊರಡುವಾಗ ಸ್ಟೋರಿನ ಕೀಲಿಯನ್ನು ಗೇಟಿಗೆ ನೇತುಹಾಕುತ್ತಾರೆ. ಅದನ್ನು ತೆಗೆದುಕೊಂಡವರಿಗೇ ಮ್ಯಾನೇಜರ್ ಕುರ್ಚಿ, ಖಲಾಸ್, ಅಂದಿದ್ದಾರೆ ಕಫೀಲರು. ಅವರೂ ಬರುತ್ತಾರೆ, ನಾನೂ ನಿಂತಿರುತ್ತೇನೆ. ಬರ್ಕಾದ ಗೇಟು, ಗುರುವಾರ, ಸಂಜೆ ಐದು ಗಂಟೆ.