ಎರಡು ಸಂತೆ

ಜನವರಿ 7, ಮಂಗಳವಾರ. ಮಧ್ಯಾಹ್ನ

ಮತ್ತೆ ಮಣ್ಣಿನ ಪುಡಿ ಜರಡಿ ಹಿಡಿದೆ. ಸೀರೆ, ಕೂದಲು, ಟಿಫಿನ್ ಡಬ್ಬಿ — ಎಲ್ಲದರ ಮೇಲೂ ಸುಟ್ಟ ಬಿಳಿಮಣ್ಣು. ಹನ್ನೆರಡು ವರ್ಷ ಪಾಲಿಟೆಕ್ನಿಕ್ಕಿನಲ್ಲಿ ಕಾಂಕ್ರೀಟ್ ಪಾಠ ಮಾಡಿದವಳಿಗೆ ಈಗ ಕುಂಬಾರಿಕೆ! ಸಿಮೆಂಟಿನಲ್ಲಿ ಕಾಲು ಭಾಗ ಕಡಿಮೆ ಮಾಡಿ ಇದನ್ನು ಬೆರೆಸಿ ಪರೀಕ್ಷೆಗೆ ಹೊಯ್ದ ಕಾಂಕ್ರೀಟ್ ಕ್ಯೂಬುಗಳು ಏಳನೇ ದಿನಕ್ಕೆ ಮೆತ್ತಗೆ. ಹದಿನಾಲ್ಕಕ್ಕೆ ಪಾಸು. ನಿಧಾನ, ಆದರೆ ಗಟ್ಟಿ.

ಪ್ರಾಚಾರ್ಯರಿಗೆ ನಗು. "ಮೃಣಾಲಿನಿಬಾಯಿ, ಮಣ್ಣಿನ ಸ್ಲ್ಯಾಬಿನ ಕೆಳಗ ಯಾರ ಮಲಗ್ತಾರ್ರಿ?"

ಗಾರೆ ಕೆಲಸದ ಗೌಂಡಿ ಕಾಡಪ್ಪ ಲ್ಯಾಬಿನ ಗೋಡೆಗೆ ಗಿಲಾವು ಮಾಡುತ್ತಿದ್ದ. ತಿರುಗಿಯೂ ನೋಡದೆ ಅಂದ — "ನಾ ಮಲಗ್ತೇನ್ರಿ. ನಮ್ಮೂರು ದೊಡವಾಡದಾಗ ನನ್ನ ಅಡಗಿಮನಿ ಮ್ಯಾಲ ಹಾಕೂಣು."

ಜನವರಿ 9, ಗುರುವಾರ. ಸಂಜೆ

ಸ್ಲ್ಯಾಬ್ ಹಾಕಿ ಮುಗಿಯಿತು. ಕಾಡಪ್ಪನ ಹೆಂಡತಿ ರಾಚವ್ವ ಎಲ್ಲರಿಗೂ ಸಿಹಿ ಸಜ್ಜಕ ಕೊಟ್ಟಳು.

ಕೆಳಗಿನ ತಗಡು, ಕಂಬ ಎಷ್ಟು ದಿನ ಇರಬೇಕೆಂದು ಹೇಳುವಾಗ ಮೇಷ್ಟ್ರುತನ ಬೇಡ ಎನಿಸಿತು. ಅವರ ಮಾತಿನಲ್ಲೇ ಹೇಳಿದೆ — "ಎರಡು ಸಂತಿ ಆಗೂತನಕಾ ಸೆಂಟ್ರಿಂಗ್ ಬಿಚ್ಚಬ್ಯಾಡಪಾ."

"ಆತ ತಗೋರಿ ಅಕ್ಕಾರ."

ಎಷ್ಟು ಸಲೀಸಾಗಿ ಹೇಳಿದೆ ಎಂದು ಬಸ್ಸಿನಲ್ಲಿ ನನಗೇ ಹೆಮ್ಮೆ.

ಜನವರಿ 17, ಶುಕ್ರವಾರ. 11.40

ರಾಚವ್ವನ ಫೋನು. ಮಾತಿಲ್ಲ, ಬರೀ ಅಳು. ಪಕ್ಕದ ಮನೆಯವರು ಕಸಿದುಕೊಂಡು ಹೇಳಿದರು. ಸೆಂಟ್ರಿಂಗ್ ಬಿಚ್ಚುವಾಗ ಸ್ಲ್ಯಾಬ್ ಕುಸಿದಿದೆ. ಕಾಡಪ್ಪ ಕೆಳಗೆ ಸಿಕ್ಕಿದ್ದ. ಧಾರವಾಡಕ್ಕೆ ಒಯ್ಯುತ್ತಿದ್ದಾರೆ.

ಎಂಟೇ ದಿನ. ಯಾಕೆ ಬಿಚ್ಚಿದ? ದೇವರೇ, ಯಾಕೆ...

ಜನವರಿ 19, ರವಿವಾರ

ಜೀವ ಇದೆ. ಬೆನ್ನುಮೂಳೆಗೆ ಪೆಟ್ಟು. ಕಾದು ನೋಡೋಣ ಎನ್ನುತ್ತಾರೆ ಡಾಕ್ಟರು.

ನಾಚಿಕೆ ಬಿಟ್ಟು ಬರೆಯುತ್ತೇನೆ — ಆಸ್ಪತ್ರೆಗೆ ಹೋಗುವಾಗ ಅವನ ಮೇಲೆ ಸಿಟ್ಟಿತ್ತು. ಕೇಳಿಯೇಬಿಟ್ಟೆ. "ಇಷ್ಟ್ಯಾಕ ಗಡಿಬಿಡಿ ಮಾಡಿದಿ ಕಾಡಪ್ಪಾ?"

"ಇಲ್ರಿ ಅಕ್ಕಾರ, ನಿಮ್ಮ ಮಾತ ಮೀರಿಲ್ರಿ. ಸ್ಲ್ಯಾಬ್ ಹಾಕಿದ ಮರದಿನಾನ ಶುಕ್ರವಾರ, ನಮ್ಮೂರ ಒಂದ ಸಂತಿ. ಮೊನ್ನಿ ಶುಕ್ರವಾರ ಮುಂಜಾನೆ ಇನ್ನೊಂದು ಕೂಡಿತು. ಎರಡ ಆದ್ವಲ್ರಿ."

ನನಗೆ ಎರಡು ಸಂತೆ ಎಂದರೆ ಎರಡು ವಾರ, ಹದಿನಾಲ್ಕು ದಿನ. ಅವನು ಸಂತೆಗಳನ್ನೇ ಎಣಿಸಿದ. ಸರಿಯಾಗಿಯೇ ಎಣಿಸಿದ. ಬರೀ ಸಿಮೆಂಟಿನ ಸಣ್ಣ ಸ್ಲ್ಯಾಬುಗಳನ್ನು ಎಂಟು ದಿನಕ್ಕೆ ಬಿಚ್ಚುತ್ತ ಬಂದವನಿಗೆ ಅನುಮಾನವಾದರೂ ಯಾಕೆ ಬರಬೇಕು?

ಜನವರಿ 23, ಗುರುವಾರ

ಸ್ಲ್ಯಾಬಿಗೆ ಕಲಸಿದ ಕಾಂಕ್ರೀಟಿನಿಂದಲೇ ತೆಗೆದಿಟ್ಟ ಕ್ಯೂಬುಗಳಿಗೆ ಇಂದು ಹದಿನಾಲ್ಕು ದಿನ. ಮಶಿನ್ನಿಗಿಟ್ಟು ಒಡೆದೆವು. ಮೂರೂ ಪಾಸು. ಫೇಲಾಗಿದ್ದರೆ ಚೆನ್ನಾಗಿರುತ್ತಿತ್ತು, ತಪ್ಪು ಪುಡಿಯದಾಗುತ್ತಿತ್ತು ಎನಿಸಿತು.

ಪ್ರಾಚಾರ್ಯರು ಖುಷ್. "ಪಾರಾದ್ರಿ ನೋಡ್ರಿ! ಗೌಂಡಿ ಹೇಳದ ಕೇಳದ ಲಗೂ ಬಿಚ್ಚಿದಾ ಅಂತ ಒಂದ ಸಾಲು ಬರದುಕೊಡ್ರಿ. ಕಾಲೇಜ ಹೆಸರೂ ಉಳೀತದ, ನಿಮ್ಮ ನೌಕರೀನೂ ಉಳೀತದ."

ಒಂದೇ ಸಾಲು. ಪೆನ್ನು ಹಿಡಿದೆ. ಬರೆಯುವ ಮನಸ್ಸೂ ಆಯಿತು. ಇಲ್ಲಿ ಸುಳ್ಳು ಯಾಕೆ, ಆಯಿತು. "ಗೌಂಡಿ" ಎನ್ನುವತನಕ ಬರೆದು, ಕಾಗದ ಬ್ಯಾಗಿಗೆ ತುರುಕಿ ಮನೆಗೆ ಬಂದೆ.

ಜನವರಿ 29, ಬುಧವಾರ

ಬೇರೆ ಕಾಗದ ಕೊಟ್ಟೆ. ಮಾತು ನನ್ನದು, ದಿನ ಎಣಿಸಿ ಹೇಳದೇ ಇದ್ದವಳು ನಾನು ಎಂದು. ಪ್ರಾಚಾರ್ಯರು ಓದಿದರು. "ಹುಚ್ಚ ಹಿಡದದ ನಿಮಗ." ನಾಳೆಯಿಂದ ಕೆಲಸಕ್ಕೆ ಬರುವುದು ಬೇಡವಂತೆ.

ಧಾರವಾಡಕ್ಕೆ ಹೋಗಿ ಕಾಡಪ್ಪನಿಗೂ ಹೇಳಿದೆ. ತಪ್ಪು ನನ್ನದು ಅಂದೆ. ರಾಚವ್ವ ಸೆರಗು ಬಾಯಿಗೆ ಹಿಡಿದು ಹೊರಗೆ ಹೋದಳು. ಅವನು ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

"ಹಂಗಾರ ಪುಡಿ ಗಟ್ಟಿ ಐತೇನ್ರಿ?"

"ಗಟ್ಟಿ ಅದಪಾ."

ಮುಖ ಅರಳಿತು ಅವನದು. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಅಷ್ಟರಲ್ಲಿ ಡಾಕ್ಟರು ಬಂದರು. ಚಾದರ ಸರಿಸಿ ಸೂಜಿ ತೆಗೆದು ಕಾಲ ಹತ್ತಿರ ಬಾಗಿದರು. ಕಾಡಪ್ಪ ಹಲ್ಲು ಕಚ್ಚಿ ಮೇಲೆ ನೋಡುತ್ತ ಮಲಗಿದ್ದ. ಡಾಕ್ಟರು ಒಂದು ಕಾಲಿನಿಂದ ಇನ್ನೊಂದಕ್ಕೆ ಸರಿದರು.

"ಚುಚ್ಚ್ರಿ ಸಾಹೇಬ್ರ," ಎಂದ. "ನಾ ಅಂಜೂದಿಲ್ಲ."

ಎರಡೂ ಅಂಗಾಲಿನಲ್ಲಿ ಆಗಲೇ ಸೂಜಿಯ ಗುರುತು, ರಕ್ತದ ಹನಿ. ನಾನು —