ಹಳೆ ಟ್ಯಾಂಕಿನ ದೊರೆಗೆ ಅರಿಕೆ

ನಮ್ಮ ವಸತಿ ಶಾಲೆಯ ಹಳೆ ನೀರಿನ ಟ್ಯಾಂಕಿನ ಸಾರ್ವಭೌಮರೂ, ಕತ್ತಲ ಕುಲತಿಲಕರೂ, ಪಾದಗಳು ಹಿಂದುಮುಂದಾಗಿದ್ದರೂ ಪೂಜ್ಯಪಾದರೂ ಆದ ಶ್ರೀ ದೆವ್ವ ಮಹಾರಾಜರ ಸನ್ನಿಧಾನಕ್ಕೆ, ಎಂಟನೇ ತರಗತಿಯ ಚನ್ನವೀರ ಬೇಡಿಕೊಳ್ಳುವುದೇನೆಂದರೆ,

ಪ್ರತಿ ಭಾನುವಾರ ಮನೆಯವರು ಬಂದು ಬುತ್ತಿ ಕೊಟ್ಟು ಹೋದ ಮೇಲೆ, ಹುಡುಗರು ಅದರಿಂದ ಒಂದೊಂದು ಸಜ್ಜೆ ರೊಟ್ಟಿ ತೆಗೆದು ತಾಟಿನಲ್ಲಿಟ್ಟು ಟ್ಯಾಂಕಿನ ಬಳಿ ತಮಗೆ ಅರ್ಪಿಸುತ್ತಾರೆ. ಕೊಡದವರ ಕಾಲು ಎಳೆಯುತ್ತೀರೆಂದು ಅವರಿಗೆ ಹೇಳಿದವನು ನಾನು. ರೊಟ್ಟಿ ತಿಂದವನೂ ನಾನೇ. ತಾವು ಇಲ್ಲವೆಂಬ ಧೈರ್ಯವಿತ್ತು.

ಆದರೆ ಹೋದ ಭಾನುವಾರ ನಾನು ಹಲ್ಲುನೋವೆಂದು ಮಸ್ಕಿಯ ಮನೆಯಲ್ಲಿದ್ದೆ. ಸಂಜೆ ಬಂದು ನೋಡಿದರೆ ರೊಟ್ಟಿ ಇರಲಿಲ್ಲ. ಯಾರೋ ತಾಟು ತೊಳೆದು ಬೋರಲು ಹಾಕಿದ್ದರು. ನಾನು ಎಂದೂ ತಾಟು ತೊಳೆದವನಲ್ಲ.

ಆ ತೊಳೆದ ತಾಟು ಕಂಡಂದಿನಿಂದ ನನ್ನ ಪಕ್ಕದ ಹಾಸಿಗೆಯ ಭೀಮೇಶ ಮನೆಗೆ ಫೋನ್ ಮಾಡಿ, "ಅಪ್ಪಾ, ಇಲ್ಲಿ ದೆವ್ವ ಐತಿ, ನಾ ಇರಂಗಿಲ್ಲ" ಎಂದು ಅಳುತ್ತಿದ್ದಾನೆ. ನಾಳೆ ಅವರಪ್ಪ ಪಾಮನಕಲ್ಲೂರಿನಿಂದ ಬಂದು ಅವನನ್ನು ಟ್ರಂಕಿನ ಸಮೇತ ಕರೆದೊಯ್ಯುತ್ತಾರೆ.

"ಸುಮ್ನಿರಲೇ, ಅದು ನಾನ ಕಟ್ಟಿದ ಕಥಿ" ಎಂದೆ.

"ಹಂಗಾದ್ರ ತಾಟು ಯಾರು ತೊಳದ್ರಲೇ?" ಎಂದ.

ಅವನು ಹೋದರೆ ಆ ಹಾಸಿಗೆ ಖಾಲಿಯಾಗುತ್ತದೆ. ಖಾಲಿ ಹಾಸಿಗೆಗೆ ಯಾರು ಬಂದು ಮಲಗುತ್ತಾರೋ ಎಂಬುದೇ ನನ್ನ ಯೋಚನೆ.

ಆದ್ದರಿಂದ ತಾವು ಬೆಳಗಿನ ಬಸ್ಸಿಗೇ ಸಿಂಧನೂರಿಗೆ ದಯಮಾಡಿಸಬೇಕು. ಅಲ್ಲಿ ಹಂಗಾಮು ಮುಗಿದು ನಿಂತ ರೈಸ್ ಮಿಲ್ಲುಗಳಿವೆ, ಜಾಗಕ್ಕೆ ಕೊರತೆಯಿಲ್ಲ.

ತಮ್ಮನ್ನು ಹುಟ್ಟಿಸಿದ ತಪ್ಪಿಗೆ ತಲೆಬಾಗಿರುವ,
ಚನ್ನವೀರ

ಇದನ್ನು ಟ್ಯಾಂಕಿನ ಹತ್ತಿರ ಇಡಲು ಒಬ್ಬನೇ ಬರುವ ಧೈರ್ಯವಾಗಲಿಲ್ಲ. ಭೀಮೇಶನ ಕೈ ಹಿಡಿದುಕೊಂಡು ಬಂದಿದ್ದೇನೆ.