ಅಪ್ಪನ ಮೀಸೆ, ಅಪ್ಪನ ಗೊರಕೆ

ಅಂಗಡಿಯಿಂದ, ನಿನ್ನದೇ ಕುರ್ಚಿಯಲ್ಲಿ ಕೂತು
ಮಾರ್ಚ್ ೧೨, ಬುಧವಾರ ಮಧ್ಯಾಹ್ನ

ಪ್ರೀತಿಯ ಅಪ್ಪಾ,

ಹೇಗಿದ್ದೀಯ? ಅತ್ತೆಯ ಮಂಡಿನೋವು ಹೇಗಿದೆ? ಬೆಳಿಗ್ಗೆ ಎದ್ದ ಕೂಡಲೇ ಬರುವ ನಿನ್ನ ತಲೆನೋವು ಅಲ್ಲೂ ಬರುತ್ತಿದೆಯೋ, ಅಥವಾ ನಿನ್ನ ಅಕ್ಕನ ಮನೆಯಲ್ಲಿ ನನಗೇನೂ ಇಲ್ಲ ಎಂದು ಹೇಳಿಕೊಂಡು ತಿರುಗುತ್ತಿದ್ದೀಯೋ? ನಾವು ಇಲ್ಲಿ ಕ್ಷೇಮ ಎಂದು ಬರೆಯುವುದು ವಾಡಿಕೆ. ನಾನು ಬರೆಯುವುದಿಲ್ಲ, ನನಗೆ ತಲೆ ಕೆಟ್ಟಿದೆ. ಫೋನ್ ಮಾಡಿದರೆ ನನ್ನ ಧ್ವನಿ ಕೇಳಿದ್ದೇ ತಡ, “ಹಲೋ, ಹಲೋ, ಏನೂ ಕೇಳಿಸ್ತಿಲ್ಲಮ್ಮಾ” ಅಂತ ಇಟ್ಟುಬಿಡುತ್ತೀಯ. ಕಾಗದದ ಹತ್ತಿರ ಆ ನಾಟಕ ನಡೆಯುವುದಿಲ್ಲ. ಪೂರ್ತಿ ಓದು. ನಡುವೆ ತೂಕಡಿಕೆ ಬಂದರೆ ಮುಖ ತೊಳೆದುಕೊಂಡು ಬಂದು ಓದು.

ಅಂಗಡಿಯ ಬಾಗಿಲು ಹಾಕಿಲ್ಲ. ಕೂದಲು ಕತ್ತರಿಸುವ ಕೆಲಸವನ್ನೆಲ್ಲ ನಾನೇ ಮಾಡುತ್ತಿದ್ದೇನೆ. ನಿನ್ನ ಹಳೆಯ ಗಿರಾಕಿಗಳು ಮೊದಲು ಬಾಗಿಲಲ್ಲಿ ಅನುಮಾನಿಸಿ ನಿಲ್ಲುತ್ತಾರೆ, ಆಮೇಲೆ ಕೂರುತ್ತಾರೆ, ಎದ್ದು ಕನ್ನಡಿಯಲ್ಲಿ ಹಿಂದೆ ಮುಂದೆ ನೋಡಿಕೊಂಡು “ಅಪ್ಪನ ಕೈ ಬಂದಿದೆ ಕಣಮ್ಮ” ಎನ್ನುತ್ತಾರೆ. ಆದರೆ ಗಡ್ಡಕ್ಕೆ ಮಾತ್ರ ನೀನೇ ಬೇಕಂತೆ. ಮೇಷ್ಟ್ರಂತೂ ಕಿವಿಗೆ ಪಟ್ಟಿ ಹಾಕಿಕೊಂಡೇ ಬಂದು ಬೆಂಚಿನ ಮೇಲೆ ಕೂತು ಪೇಪರ್ ಓದಿ ಹೋಗುತ್ತಾರೆ. ಗಡ್ಡ ಬೆಳೆಸಿಕೊಂಡು ಸನ್ಯಾಸಿಯ ಹಾಗಾಗಿದ್ದಾರೆ. ಇದುವರೆಗೆ ಯಾರ ಹತ್ತಿರವೂ ನಿನ್ನ ಹೆಸರು ಎತ್ತಿಲ್ಲ; ಕೇಳಿದವರಿಗೆಲ್ಲ ಬಾಗಿಲು ತಗುಲಿತು ಎಂದಿದ್ದಾರೆ. ನೀನಾದರೋ ಇವತ್ತಿಗೂ “ಮೇಷ್ಟ್ರು ಅಲ್ಲಾಡಿದ್ರು” ಎನ್ನುತ್ತೀಯ. ಅಪ್ಪಾ, ಅವರು ಅಲ್ಲಾಡಲಿಲ್ಲ. ನಾನು ಹಿಂದೆಯೇ ನಿಂತು ಟವಲ್ ಮಡಚುತ್ತಿದ್ದೆ. ಕೈಯಲ್ಲಿ ಕತ್ತಿ ಹಿಡಿದು, ನಿಂತ ನಿಲುವಿನಲ್ಲೇ, ನಿನಗೆ ನಿದ್ದೆ ಬಂತು, ಕತ್ತಿ ಅವರ ಕಿವಿ ಕೊಯ್ದಿತು. ಇನ್ನೊಂದು ಬೆರಳಿನಷ್ಟು ಕೆಳಗೆ ಕುತ್ತಿಗೆ ಇತ್ತು.

ರಾತ್ರಿಯಿಡೀ ಬೀದಿಗೆ ಕೇಳುವ ಹಾಗೆ ಗೊರಕೆ ಹೊಡೆದವನಿಗೆ ಹಗಲು ಯಾಕೆ ನಿದ್ದೆ ಬರಬೇಕು ಎಂದು ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ ನೋಡು. ನಮ್ಮ ಮನೆಯಲ್ಲಿ ಗೊರಕೆ ಎಂದರೆ ಹೆಮ್ಮೆಯ ವಿಷಯ. ಅಜ್ಜ ಹೊಡೆಯುತ್ತಿದ್ದರು, ದೊಡ್ಡಪ್ಪ ಹೊಡೆಯುತ್ತಿದ್ದರು. “ಮನಸ್ಸಲ್ಲಿ ಕಪಟ ಇಲ್ಲದೋರಿಗೆ ಮಾತ್ರ ಇಂಥ ನಿದ್ದೆ” ಎಂದು ನೀನು ಗಿರಾಕಿಗಳ ಮುಂದೆ ಮೀಸೆ ತಿರುವುತ್ತಿದ್ದೆ. ಡಾಕ್ಟರಮ್ಮ ಬಿಡಿಸಿ ಹೇಳಿದಾಗ ನೀನು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದೆ, ಅದಕ್ಕೆ ಇನ್ನೊಮ್ಮೆ ಬರೆಯುತ್ತೇನೆ. ಗೊರಕೆ ಹೊಡೆಯುವವರೆಲ್ಲ ರೋಗಿಗಳಲ್ಲ. ಆದರೆ ನಿನ್ನ ವಿಷಯ ಬೇರೆ. ನಿದ್ದೆಯಲ್ಲಿ ಗಂಟಲಿನ ಮೆತ್ತನೆಯ ಭಾಗ ಸಡಿಲವಾಗುತ್ತದೆ, ನಾಲಿಗೆ ಹಿಂದಕ್ಕೆ ಜಾರುತ್ತದೆ, ಇಕ್ಕಟ್ಟಿನಲ್ಲಿ ನುಗ್ಗುವ ಗಾಳಿಗೆ ಆ ಮಾಂಸ ಅದುರುತ್ತದೆ. ಅದೇ ಸದ್ದು. ಕೆಲವೊಮ್ಮೆ ದಾರಿ ಪೂರ್ತಿ ಮುಚ್ಚಿಕೊಂಡು ಉಸಿರೇ ನಿಲ್ಲುತ್ತದೆ. ಆಗ ಮೆದುಳು ಗಾಬರಿಯಿಂದ ನಿನ್ನನ್ನು ಅರೆಬರೆ ಎಬ್ಬಿಸುತ್ತದೆ, ಗಂಟಲು ತೆರೆಯುತ್ತದೆ, ಮತ್ತೆ ಅದೇ ಕತೆ. ಬೆಳಗಾಗುವವರೆಗೂ ಹೀಗೇ. ನಾವು ಗಾಢ ನಿದ್ದೆ ಎಂದುಕೊಂಡಿದ್ದು ಕುಸ್ತಿ ಅಪ್ಪಾ, ರಾತ್ರಿಯಿಡೀ ಕುಸ್ತಿ. ನಿನ್ನ ಬಿಪಿ ಮಾತ್ರೆಗೆ ಬಗ್ಗದೆ ಇರುವುದಕ್ಕೂ ಇದೇ ಕಾರಣ ಇರಬಹುದಂತೆ.

ಆವತ್ತು ಡಾಕ್ಟರಮ್ಮ ಉಸಿರು ನಿಲ್ಲುತ್ತದೆಯೇ ಎಂದು ಕೇಳಿದಾಗ ಅಮ್ಮ ಹೇಳಿದ್ದು ನೆನಪಿದೆಯಾ? “ನಿಲ್ಲುತ್ತೆ. ಬೆನ್ನು ತಟ್ತೀನಿ, ಮತ್ತೆ ಶುರುವಾಗುತ್ತೆ” ಎಂದಳು, ಹಾಲು ಉಕ್ಕುತ್ತೆ, ಒಲೆ ಆರಿಸ್ತೀನಿ ಎನ್ನುವ ಧಾಟಿಯಲ್ಲಿ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಅವಳನ್ನೇ ನೋಡಿದರು. ಬಸ್ ಹತ್ತಿದರೆ ವಾಂತಿ ಮಾಡುವ ಅಮ್ಮ ಆ ಆಸ್ಪತ್ರೆಗೂ ಬಿಸಿಲಲ್ಲಿ ನಡೆದೇ ಬಂದಿದ್ದಳು. ನೀನು ಹೊರಗೆ ಬಂದು ಹೇಳಿದ್ದೇನು? “ಮನೆ ಗುಟ್ಟೆಲ್ಲಾ ಹೇಳ್ಬೇಕಿತ್ತಾ?” ಅಂತ!

ಅದಾದ ಮೇಲೆ ನಾವು ಮಾಡದ ಸರ್ಕಸ್ ಇಲ್ಲ. ಅಂಗಾತ ಮಲಗಬಾರದು ಎಂದು ಅಮ್ಮ ನಿನ್ನ ಬನಿಯನ್ನಿನ ಬೆನ್ನಿಗೆ ಜೇಬು ಹೊಲಿದು ಚೆಂಡು ತುಂಬಿಸಿದಳು. ನೀನು ಬನಿಯನ್ನನ್ನು ಹಿಂದುಮುಂದಾಗಿ ಹಾಕಿಕೊಂಡು, ಚೆಂಡನ್ನು ಹೊಟ್ಟೆಯ ಮೇಲಿಟ್ಟುಕೊಂಡು ರಾಜನ ಹಾಗೆ ಅಂಗಾತ ಮಲಗಿದೆ. ತೂಕ ಇಳಿಸಲು ವಾಕಿಂಗ್ ಹೋಗು ಎಂದರೆ ಮೂಲೆಯ ಹೋಟೆಲಿನವರೆಗೆ ಹೋಗಿ ಕರಿದದ್ದು ತಿಂದು ಬಂದೆ. ಕೊನೆಗೆ ನಿದ್ದೆಯ ಪರೀಕ್ಷೆ ಆಯಿತು, ಮೆಷಿನ್ ಮನೆಗೆ ಬಂತು. ಮೂಗುಬಾಯಿ ಮುಚ್ಚುವ ಮಾಸ್ಕು, ಅದಕ್ಕೊಂದು ಕೊಳವೆ. ಒಳಗೆ ಹೋಗುವ ಗಾಳಿಯ ಒತ್ತಡಕ್ಕೆ ಗಂಟಲಿನ ದಾರಿ ಮುಚ್ಚದೆ ತೆರೆದೇ ಇರುತ್ತದೆ, ಅಷ್ಟೇ ಅದರ ಕೆಲಸ. ಮಾಸ್ಕು ಸರಿಯಾಗಿ ಕೂತಿದ್ದರೆ ಆ ರಾತ್ರಿಯೇ ನಮಗೆಲ್ಲ ಬಿಡುಗಡೆ. ಆದರೆ ನೀನು ಮಲಗುವ ಮುಂಚೆ ಮೀಸೆಗೆ ಮೇಣ ಹಚ್ಚಿ ತಿರುವುವವನು. ಪ್ರಪಂಚದಲ್ಲಿ ಯಾವ ಗಂಡಸು ನಿದ್ದೆ ಮಾಡಲು ಮೀಸೆ ಸಿಂಗರಿಸಿಕೊಳ್ಳುತ್ತಾನೆ? ಮಾಸ್ಕು ಮೀಸೆಯ ಮೇಲೆ ಕೂರಲಿಲ್ಲ, ಮೇಣಕ್ಕೆ ಜಾರಿ ಕಿವಿಯ ಹತ್ತಿರ ಹೋಯಿತು, ಸಂದಿಯಿಂದ ಗಾಳಿ ಸೋರಿ ಕುಕ್ಕರ್ ಕೂಗಿದ ಹಾಗೆ ಕೂಗಿತು. ಪಕ್ಕದ ಮನೆಯವರು ಗೋಡೆ ಗುದ್ದಿದರು. ಇಷ್ಟು ವರ್ಷ ನಿನ್ನ ಗೊರಕೆ ಸಹಿಸಿದ ಪುಣ್ಯಾತ್ಮರು ಅವರು.

ಮಾರನೇ ದಿನ ಮೆಷಿನ್ ತಂದುಕೊಟ್ಟಾಕೆ ಬಂದು ನೋಡಿ, ಪಾಪ, ಗೊತ್ತಿಲ್ಲದೆ “ಮೀಸೆ ತೆಗೆದ್ರೆ ಸರಿಯಾಗಿ ಕೂರುತ್ತೆ ಸರ್” ಎಂದುಬಿಟ್ಟರು. ನೀನು ಎದ್ದೆ. ಚೀಲಕ್ಕೆ ಎರಡು ಜೊತೆ ಬಟ್ಟೆ ತುರುಕಿಕೊಂಡು ನಿನ್ನ ಅಕ್ಕನ ಊರಿನ ಬಸ್ ಹತ್ತಿದೆ. ಊರಿನವರ ಮೀಸೆಯನ್ನೆಲ್ಲ ಕೇಳಿದ ಕಡೆ ಕತ್ತರಿಸುವ ನಿನಗೆ ನಿನ್ನ ಮೀಸೆಯ ಮಾತು ಬಂದರೆ ಮೈಯೆಲ್ಲ ಉರಿ. ನನಗೆ ಅರ್ಥವಾಗುತ್ತದೆ. ಅದೇ ನಮ್ಮ ಅಂಗಡಿಯ ಬೋರ್ಡು, ಬೇರೆ ಬೋರ್ಡು ನಾವು ಹಾಕಿಸಿಯೇ ಇಲ್ಲ. ಆದರೆ ನೀನು ಇನ್ನೊಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು ಕೂತಿದ್ದರೆ ಆಕೆಯ ಎರಡನೇ ಮಾತು ಕೇಳಿಸುತ್ತಿತ್ತು. ಇನ್ನೊಂದು ಬಗೆಯ ಮಾಸ್ಕಿದೆ, ಮೂಗಿನ ಹೊಳ್ಳೆಗಳ ಬಾಯಲ್ಲಿ ಕೂರುವ ಪುಟ್ಟ ದಿಂಬಿನಂಥದ್ದು, ಮೀಸೆಯ ಒಂದು ಕೂದಲನ್ನೂ ಮುಟ್ಟುವುದಿಲ್ಲ. ಆಕೆ ಅದನ್ನು ಚೀಲದಿಂದ ತೆಗೆದು ಹಿಡಿದಾಗ ನಿನ್ನ ಕುರ್ಚಿ ಖಾಲಿ. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಅತ್ತೆ ನಿನ್ನೆ ಫೋನಿನಲ್ಲಿ “ಮೇಲಿನ ರೂಮಲ್ಲಿ ಒಬ್ಬನೇ ಮಲಗ್ತಾನೆ, ಗೊರಕೆ ಕೆಳಗಿನವರೆಗೂ ಕೇಳುತ್ತೆ, ಒಳ್ಳೇ ನಿದ್ದೆ ಬಿಡು” ಎಂದರು. ಅವರಿಗೆ ತಿಳಿಸಿ ಹೇಳುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ಅಮ್ಮನೋ, “ಇರ್ಲಿ ಬಿಡು, ನನಗಾದ್ರೂ ನಾಲ್ಕು ದಿನ ನೆಮ್ಮದಿಯ ನಿದ್ದೆ” ಎನ್ನುತ್ತಾಳೆ. ನೀವಿಬ್ಬರೂ ಹೀಗೆ ಸುಖವಾಗಿದ್ದರೆ ನಾನೊಬ್ಬಳೇ ಯಾಕೆ ಒದ್ದಾಡಬೇಕು ಎನಿಸುತ್ತದೆ. ಆದರೂ ಒಂದು ಮಾತು ಖಂಡಿತ. ಆ ಮೆಷಿನ್ ಹಾಕಿಕೊಂಡು ಮಲಗಿ, ಹಗಲಿನ ತೂಕಡಿಕೆ ಪೂರ್ತಿ ಹೋಗುವವರೆಗೆ ಕತ್ತಿಯನ್ನು ನಿನ್ನ ಕೈಗೆ ಕೊಡುವುದಿಲ್ಲ. ಬೀಗದ ಕೈ ನನ್ನ ಹತ್ತಿರವೇ ಇದೆ. ಮಗಳು ಅಪ್ಪನಿಗೆ ಹೀಗೆ ಬರೆಯಬಾರದು, ಗೊತ್ತು. ನನಗೆ ಹೆದರಿಕೆಯಾಗಿದೆ, ಅದಕ್ಕೆ ಬರೆಯುತ್ತಿದ್ದೇನೆ.

ಅತ್ತೆಗೆ ನಮಸ್ಕಾರ ತಿಳಿಸು. ನಿನಗೂ ನಮಸ್ಕಾರ, ಸಿಟ್ಟಿನ ಜೊತೆಗೇ. ಮೀಸೆಯನ್ನೂ ಕೇಳಿದೆ ಎಂದು ಹೇಳು.

ನಿನ್ನ ಮಗಳು,
ಸದ್ಯಕ್ಕೆ ಅಂಗಡಿಯ ಯಜಮಾನಿ

ಮರೆತಿದ್ದು: ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ನೋಡಬೇಡ. ಲಕೋಟೆ ಅಂಟಿಸುವಷ್ಟರಲ್ಲಿ ಅಮ್ಮ ಅಂಗಡಿಗೆ ಬಂದಳು. ಒಂದು ಕೈಯಲ್ಲಿ ಮೆಷಿನ್ನಿನ ಪೆಟ್ಟಿಗೆ, ಇನ್ನೊಂದರಲ್ಲಿ ಬಟ್ಟೆಯ ಚೀಲ. ನೆಮ್ಮದಿಯ ನಿದ್ದೆ ಎಂದಿದ್ದೆಲ್ಲ ಸುಳ್ಳಂತೆ. ನೀನು ಹೋದಾಗಿನಿಂದ ಅವಳು ನೆಟ್ಟಗೆ ಕಣ್ಣು ಮುಚ್ಚಿಲ್ಲ. ಮನೆ ಸುಮ್ಮನಾದರೆ ನಿನ್ನ ಉಸಿರು ನಿಂತಿತೆಂದೇ ಅವಳಿಗೆ ಎಚ್ಚರವಾಗುತ್ತದಂತೆ, ಕೈ ತಾನಾಗಿ ಎದ್ದು ಖಾಲಿ ಹಾಸಿಗೆಯನ್ನು ತಟ್ಟುತ್ತದಂತೆ. “ಅಲ್ಲಿ ಅವರೊಬ್ಬರೇ ಮಲಗಿದಾರೆ. ಉಸಿರು ನಿಂತ್ರೆ ಯಾರು ತಟ್ತಾರೆ?” ಎಂದು ಕೇಳಿದಳು. ಅದಕ್ಕೆ ಈ ಪತ್ರವನ್ನು ಅಂಚೆಗೆ ಹಾಕುತ್ತಿಲ್ಲ, ಅವಳ ಕೈಗೇ ಕೊಡುತ್ತಿದ್ದೇನೆ. ನೀನು ಇದನ್ನು ಓದುವಾಗ ಅವಳು ನಿನ್ನ ಎದುರಿಗೇ ನಿಂತಿರುತ್ತಾಳೆ, ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡು ಸುಸ್ತಾಗಿ. ಮೊದಲು ನೀರು ಕೊಡು. ಪುಟ್ಟ ಮಾಸ್ಕು ಪೆಟ್ಟಿಗೆಯಲ್ಲೇ ಇದೆ, ಇವತ್ತು ರಾತ್ರಿ ಹಾಕಿಕೋ. ನಿನಗಾಗಿ ಬೇಡ ಅಪ್ಪಾ. ಅಮ್ಮ ಒಂದು ರಾತ್ರಿ ಮಲಗಲಿ.